ಟಾಂಗಾ ಲಾಯದಿಂದ ಸವಾರಿ ಶಾಲೆಗೆ

ನಮ್ಮದು ಮೈಸೂರಿನಲ್ಲಿ ಟಾಂಗಾ ಹೊಡೆದು ಬದುಕಿದ ಮನೆ. ನಾನು ಸ್ಕೂಲಿಗೆ ಹೋಗುತ್ತಿದ್ದ ಎಪ್ಪತ್ತರ ದಶಕದಲ್ಲಿ ರೈಲ್ವೆ ಸ್ಟೇಷನ್ನಿನ ಮುಂದೆ ಟಾಂಗಾಗಳ ಸಾಲು ಇನ್ನೂ ಉದ್ದವಾಗಿಯೇ ಇತ್ತು. ಆಟೋಗಳು ಹೆಚ್ಚಾದವು, ಗಾಡಿ ಹೋಯಿತು, ಅದರ ಹಿಂದೆಯೇ ಕುದುರೆಯೂ ಹೋಯಿತು. ನಾನು ಬೆಂಗಳೂರಿಗೆ ಹೋಗಿ ರೇಸ್ ಕುದುರೆಗಳ ಲಾಯದಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆದೆ, ಅಲ್ಲಿಂದ ಒಂದು ಸವಾರಿ ಶಾಲೆ ಸೇರಿದೆ, ಕಲಿತೆ, ಕಲಿಸಿದೆ. ಈಗ ಊರಾಚೆ ನನ್ನದೇ ಒಂದು ಸಣ್ಣ ಲಾಯವಿದೆ. ಅಲ್ಲಿರುವ ಹೆಚ್ಚಿನ ಕುದುರೆಗಳು ರೇಸಿನಿಂದ ನಿವೃತ್ತಿಯಾಗಿ ಬಂದವು.

ಲಾಯ ನೋಡಲು ಬರುವವರಲ್ಲಿ ಎರಡು ಥರದ ಜನ. ‘ಹಿಂದಿನವರಿಗೆ ಪ್ರಾಣಿ ಅಂದರೆ ಮನೆಮಗು ಇದ್ದಹಾಗೆ, ಈಗೆಲ್ಲ ಬರೀ ಶೋಕಿ’ ಎನ್ನುವವರು ಒಂದು ಥರ. ‘ಆಗ ಬರೀ ಹಿಂಸೆ, ಈಗ ವಿಜ್ಞಾನ ಬಂದಿದೆ’ ಎನ್ನುವವರು ಇನ್ನೊಂದು. ಎರಡೂ ಕಡೆ ಇದ್ದು ಬಂದ ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಾಯಿಲೆ ಬಿದ್ದ ಕುದುರೆಗೆ ಈ ಕಾಲವೇ ಒಳ್ಳೆಯದು, ಅದರಲ್ಲಿ ಅನುಮಾನ ಬೇಡ. ಆದರೆ ಗಟ್ಟಿಮುಟ್ಟಾಗಿರುವ ಕುದುರೆ ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತದೆ, ಯಾರ ಜೊತೆ ಇರುತ್ತದೆ ಅಂತ ಕೇಳಿದರೆ, ಅಪ್ಪನ ಟಾಂಗಾ ಕುದುರೆಯ ದಿನಚರಿಯಲ್ಲಿದ್ದ ಕೆಲವು ಸಂಗತಿಗಳನ್ನು ನಾವು ಕಳೆದುಕೊಂಡಿದ್ದೇವೆ. ಈಗಿನ ಔಷಧಿಯನ್ನೂ ಆಗಿನ ದಿನಚರಿಯನ್ನೂ ಒಂದೇ ಲಾಯದೊಳಗೆ ಕೂಡಿಸುವುದೇ ಇಷ್ಟು ವರ್ಷ ನಾನು ಮಾಡಿಕೊಂಡು ಬಂದಿರುವ ಕೆಲಸ.

ಮೇವಿನಿಂದ ಶುರು ಮಾಡುತ್ತೇನೆ, ಕುದುರೆಯದು ಎಲ್ಲವೂ ಹೊಟ್ಟೆಯಿಂದಲೇ ಶುರುವಾಗುವುದು. ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಒಲೆ ಉರಿಯುತ್ತಿದ್ದುದು ಕುದುರೆಗಾಗಿ. ರಾತ್ರಿ ನೆನೆಹಾಕಿದ ಹುರುಳಿಯನ್ನು ಅಮ್ಮ ದೊಡ್ಡ ಪಾತ್ರೆಯಲ್ಲಿ ಬೇಯಲಿಡುತ್ತಿದ್ದಳು. ಬೆಂದ ಕಾಳು ಕುದುರೆಗೆ, ಬಸಿದ ಕಟ್ಟು ನಮ್ಮ ಸಾರಿಗೆ. ಕಾಳು ಆರಿದ ಮೇಲೆ ಅದಕ್ಕೆ ಗೋಧಿ ಬೂಸಾ, ಒಂದು ಹಿಡಿ ಉಪ್ಪು ಸೇರಿಸಿ, ಅಪ್ಪ ಕೈಯಲ್ಲೇ ಕಲಸಿ, ಒಂದು ಉಂಡೆ ಹಿಚುಕಿ ಹದ ನೋಡುತ್ತಿದ್ದರು. ಕೈ ಸುಡುವ ಹಾಗಿದ್ದರೆ ಕೊಡುತ್ತಿರಲಿಲ್ಲ, ಕಾಳು ಬೆರಳಲ್ಲಿ ಒಡೆಯದಿದ್ದರೂ ಕೊಡುತ್ತಿರಲಿಲ್ಲ. ಹಸಿ ಹುರುಳಿಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ, ಬೇಯಿಸಿದರೆ ಅದು ಹೋಗುತ್ತದೆ ಎನ್ನುವ ಕಾರಣ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ, ಒಬ್ಬ ಪಶುವೈದ್ಯರಿಂದ. ಅಮ್ಮ ಕಾರಣ ಕೇಳದೆ ಬೇಯಿಸುತ್ತಿದ್ದಳು.

ಹಸಿಮೇವು ಅಂದರೆ ಗರಿಕೆ. ಊರ ಹೊರಗಿನ ಹೆಂಗಸರು ಕೆರೆ ಏರಿ, ಗದ್ದೆ ಬದುಗಳಲ್ಲಿ ಗರಿಕೆ ಕೆತ್ತಿ, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಸ್ಟ್ಯಾಂಡಿಗೇ ತರುತ್ತಿದ್ದರು. ಅಪ್ಪ ಹೊರೆ ಬಿಚ್ಚಿ, ಬೇರಿನ ಮಣ್ಣು ಉದುರುವ ತನಕ ಹುಲ್ಲನ್ನು ಗಾಡಿ ಚಕ್ರಕ್ಕೆ ಬಡಿಯುತ್ತಿದ್ದರು. ಮಣ್ಣು ಹೊಟ್ಟೆಗೆ ಹೋದರೆ ಕರುಳಿನ ತಳದಲ್ಲಿ ಕೂರುತ್ತದೆ ಅಂತ ಅವರಿಗೆ ಗೊತ್ತಿತ್ತು. ಸವಾರಿ ಸವಾರಿಯ ನಡುವೆ ಕುದುರೆ ನಿಂತಲ್ಲೇ ಅಷ್ಟಷ್ಟು ಹುಲ್ಲು ಎಳೆದು ತಿನ್ನುತ್ತಿತ್ತು. ಗಿರಾಕಿ ಬಂದರೆ ಹೊರೆ ಗಾಡಿಯ ಕೆಳಗಿನ ಬಲೆಗೆ, ಗಿರಾಕಿ ಇಳಿದರೆ ಮತ್ತೆ ಬಾಯಿಯ ಮುಂದಕ್ಕೆ. ಹೀಗೆ ಇಡೀ ದಿನ ಸ್ವಲ್ಪ ನಡೆದು ಸ್ವಲ್ಪ ತಿನ್ನುವುದು ಕುದುರೆಯ ದೇಹಕ್ಕೆ ಸರಿಯಾಗಿ ಹೊಂದುತ್ತದೆ. ಅದರ ಜಠರ ದೇಹದ ಗಾತ್ರಕ್ಕೆ ಹೋಲಿಸಿದರೆ ತೀರ ಚಿಕ್ಕದು, ಹತ್ತು ಹದಿನೈದು ಲೀಟರ್ ಹಿಡಿದರೆ ಹೆಚ್ಚು. ಅದರೊಳಗೆ ಆಮ್ಲ ಮಾತ್ರ ತಿಂದರೂ ತಿನ್ನದಿದ್ದರೂ ಸುರಿಯುತ್ತಲೇ ಇರುತ್ತದೆ. ಬಯಲಲ್ಲಿ ಬಿಟ್ಟ ಕುದುರೆ ದಿನದ ಹದಿನಾರು ಹದಿನೇಳು ಗಂಟೆ ಮೇಯುತ್ತಲೇ ಇರುವುದು ಅದಕ್ಕೇ.

ರೇಸ್ ಲಾಯಕ್ಕೆ ಹೋದಾಗ ಅಲ್ಲಿನ ಮೇವು ನೋಡಿ ಬೆರಗಾಗಿದ್ದೆ. ಓಟ್ಸ್, ಬಾರ್ಲಿ, ನಾವು ಕುದುರೆ ಮಸಾಲೆ ಸೊಪ್ಪು ಅನ್ನುವ ಲೂಸರ್ನ್, ಡಬ್ಬಿಗಟ್ಟಲೆ ಟಾನಿಕ್. ನಮ್ಮ ಟಾಂಗಾ ಕುದುರೆ ಬಾದಲ್ ಇಡೀ ಜನ್ಮದಲ್ಲಿ ಕಾಣದ ಊಟ. ಆದರೆ ಅದೆಲ್ಲ ಹೊತ್ತು ಹೊತ್ತಿಗೆ ಒಟ್ಟಿಗೆ ಬೀಳುತ್ತಿತ್ತು, ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಆಮೇಲೆ ಕುದುರೆ ಬರಿಯ ಗೋಡೆ ನೋಡಿಕೊಂಡು ನಿಂತಿರಬೇಕು. ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ಅಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಇದೊಂದು ದೊಡ್ಡ ಕಾರಣ.

ನನ್ನ ಲಾಯದಲ್ಲಿ ಲೆಕ್ಕ ಹೀಗಿದೆ. ಕುದುರೆಯ ತೂಕದ ನೂರಕ್ಕೆ ಎರಡರಷ್ಟು ಒಣಹುಲ್ಲು, ಅಂದರೆ 450 ಕಿಲೋ ಕುದುರೆಗೆ ಸುಮಾರು 9 ಕಿಲೋ. ಅದರಲ್ಲಿ ದೊಡ್ಡ ಪಾಲು ರಾತ್ರಿಗೆ, ಸಣ್ಣ ಕಣ್ಣಿನ ಬಲೆಯಲ್ಲಿ ಕಟ್ಟಿ. ಬಲೆಯಿಂದ ಎಳೆ ಎಳೆಯಾಗಿ ಕಿತ್ತು ತಿನ್ನಬೇಕಾದ್ದರಿಂದ ಬೆಳಗಿನ ಜಾವದ ತನಕ ಬರುತ್ತದೆ. ಕಾಳು ಕೊಡುವ ಮೊದಲು ಹೊಟ್ಟೆಯಲ್ಲಿ ಹುಲ್ಲು ಇರಲೇಬೇಕು. ಕಾಳು ಒಂದು ಸಲಕ್ಕೆ ಎರಡು ಕಿಲೋ ದಾಟಬಾರದು. ಭತ್ತದ ಹುಲ್ಲನ್ನು ಅದೆಷ್ಟೇ ಅಗ್ಗವಾಗಿ ಸಿಕ್ಕರೂ ಮೇವಾಗಿ ಹಾಕುವುದಿಲ್ಲ, ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಬೇಯಿಸಿದ ಹುರುಳಿಯನ್ನು ಮಾತ್ರ ಬಿಟ್ಟಿಲ್ಲ. ಪೆಲೆಟ್ ಮಾರುವ ಹುಡುಗರು ನಗುತ್ತಾರೆ, ನಗಲಿ. ಮೈ ಕಟ್ಟಿಲ್ಲದ ಕುದುರೆಗೆ ಮಳೆಗಾಲದಲ್ಲಿ ಅದರಷ್ಟು ಬೇಗ ಹಿಡಿಯುವ ಆಹಾರ ನನಗಿನ್ನೂ ಸಿಕ್ಕಿಲ್ಲ.

ಇನ್ನು ಹೊಟ್ಟೆಶೂಲೆ, ಈಗ ಎಲ್ಲರ ಬಾಯಲ್ಲೂ ಕಾಲಿಕ್. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು, ಇಲ್ಲದಿದ್ದರೆ ಸಾವು. ನನ್ನ ಬಾಲ್ಯದಲ್ಲಿ ಇದಕ್ಕೆ ದೊಡ್ಡಪ್ಪನೇ ಡಾಕ್ಟರು. ಓಮ, ಇಂಗು, ಶುಂಠಿ, ಬೆಲ್ಲ ಕುದಿಸಿದ ಕಷಾಯ, ಬಿದಿರಿನ ಗೊಟ್ಟ. ಇಬ್ಬರು ತಲೆಯನ್ನು ಮೇಲಕ್ಕೆತ್ತಿ ಹಿಡಿಯಬೇಕು, ದೊಡ್ಡಪ್ಪ ನಾಲಗೆಯನ್ನು ಪಕ್ಕಕ್ಕೆ ಎಳೆದು ಗೊಟ್ಟ ತೂರಿಸಿ ಸುರಿಯುತ್ತಿದ್ದರು. ಎಷ್ಟೋ ಕುದುರೆಗಳು ಒಂದೆರಡು ಗಂಟೆಯಲ್ಲಿ ಲದ್ದಿ ಹಾಕಿ ಎದ್ದು ನಿಲ್ಲುತ್ತಿದ್ದವು. ಬರೀ ಗಾಳಿ ತುಂಬಿದ ಶೂಲೆಯಾದರೆ ಏನೂ ಕೊಡದಿದ್ದರೂ ಎಷ್ಟೋ ಸಲ ಅಷ್ಟೇ ಹೊತ್ತಿನಲ್ಲಿ ಇಳಿಯುತ್ತದೆ. ಕೀರ್ತಿ ಕಷಾಯಕ್ಕೆ ಹೋಗುತ್ತಿತ್ತು. ಎಡವಟ್ಟು ಎಲ್ಲಿ ಅಂದರೆ, ತಲೆ ಎತ್ತಿಸಿ ಸುರಿದ ಕಷಾಯ ಒಮ್ಮೊಮ್ಮೆ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಹೊಟ್ಟೆನೋವು ವಾಸಿಯಾದ ಕುದುರೆ ಎರಡು ಮೂರು ದಿನ ಬಿಟ್ಟು ಜ್ವರ ಬಂದು ಮೂಗಿನಲ್ಲಿ ಸೋರಿ ಸಾಯುತ್ತಿತ್ತು. ಯಾರೋ ಕಣ್ಣು ಹಾಕಿದರು ಅಂತ ಸ್ಟ್ಯಾಂಡಿನಲ್ಲಿ ಮಾತಾಗುತ್ತಿತ್ತು.

ಈಗ ನಾನು ಬಾಯಿಗೆ ಏನನ್ನೂ ಸುರಿಯುವುದಿಲ್ಲ. ಮೊದಲು ಮೇವು ತೆಗೆಯುತ್ತೇನೆ. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸುತ್ತೇನೆ. ಸುಮ್ಮನಿದ್ದಾಗ ನಿಮಿಷಕ್ಕೆ 28ರಿಂದ 44ರ ಒಳಗಿರಬೇಕಾದ್ದು 60 ದಾಟಿದೆ ಅಂದರೆ ಅದು ಮಾಮೂಲಿ ಗಾಳಿ ಅಲ್ಲ. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಪಕ್ಕೆಯ ಹಿಂದೆ ಎರಡೂ ಕಡೆ ಕಿವಿ ಇಟ್ಟು ಕೇಳುತ್ತೇನೆ: ಗುಡುಗುಡು ಇದ್ದರೆ ಧೈರ್ಯ, ಏನೂ ಕೇಳಿಸದಿದ್ದರೆ ಭಯ. ಈ ಮೂರು ಸಂಗತಿಯನ್ನು ಫೋನಿನಲ್ಲಿ ಹೇಳಿದರೆ ಡಾಕ್ಟರು ಹೊರಡುವ ಮೊದಲೇ ಅರ್ಧ ತೀರ್ಮಾನಕ್ಕೆ ಬಂದಿರುತ್ತಾರೆ. ಅವರು ಬಂದು ಮೂಗಿನಿಂದ ಜಠರಕ್ಕೆ ಟ್ಯೂಬ್ ಇಳಿಸುತ್ತಾರೆ. ದೊಡ್ಡಪ್ಪ ಮಾಡಲು ಹೊರಟಿದ್ದ ಕೆಲಸವೇ ಅದು, ದಾರಿ ಮಾತ್ರ ಸರಿಯಾದದ್ದು. ಅವರು ಬರುವ ತನಕ ನೋವಿನ ಇಂಜೆಕ್ಷನ್ ನಾನೇ ಕೊಡುವುದಿಲ್ಲ, ಅವರು ಹೇಳಿದರೆ ಮಾತ್ರ. ನೋವು ಮುಚ್ಚಿಹೋದರೆ ಒಳಗಿನ ಕರುಳಿನ ತಿರುಚು ಕಣ್ಣಿಗೆ ಬೀಳುವುದು ತಡವಾಗುತ್ತದೆ.

ಕುಂಟುವ ಕಾಲಿಗೆ ಆಗ ಬರೆ ಹಾಕುತ್ತಿದ್ದರು. ಕಾಯಿಸಿದ ಕಬ್ಬಿಣದಿಂದ ಮೊಣಕಾಲ ಕೆಳಗೆ ಅಡ್ಡಡ್ಡ ಗೆರೆ. ಟಾಂಗಾದವರದಷ್ಟೇ ಮೌಢ್ಯ ಅಂದುಕೊಳ್ಳಬೇಡಿ, ದೊಡ್ಡ ದೊಡ್ಡ ರೇಸ್ ಲಾಯಗಳಲ್ಲೂ ಕಾಲಿನ ಸ್ನಾಯುರಜ್ಜುವಿಗೆ ಕಾದ ಸೂಜಿ ಚುಚ್ಚುವ ಪದ್ಧತಿ ಇತ್ತು. ಬರೆ ಹಾಕಿಸಿಕೊಂಡ ಕುದುರೆಗೆ ಹೇಗೂ ಒಂದಿಷ್ಟು ತಿಂಗಳು ಕೆಲಸವಿರುತ್ತಿರಲಿಲ್ಲ, ವಾಸಿ ಮಾಡುತ್ತಿದ್ದುದು ಆ ವಿಶ್ರಾಂತಿಯೇ. ಈಗ ಅಲ್ಟ್ರಾಸೌಂಡಿನಲ್ಲಿ ಸ್ನಾಯುರಜ್ಜು ಎಷ್ಟು ಹರಿದಿದೆ ಅಂತ ನೋಡಿ, ತಣ್ಣೀರು ಬಿಟ್ಟು, ಅಳೆದು ನಡೆಸಿ, ಬರೆಯಿಲ್ಲದೆ ಅದೇ ವಿಶ್ರಾಂತಿ ಕೊಡುತ್ತೇವೆ.

ಕಾಲಿನ ಮಾತು ಬಂತಲ್ಲ, ಲಾಳದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಟಾರು ರೋಡಿನಲ್ಲಿ ದಿನವಿಡೀ ಓಡಿದ ಟಾಂಗಾ ಕುದುರೆಯ ಲಾಳ ತಿಂಗಳು ತುಂಬುವಷ್ಟರಲ್ಲಿ ಕಾಗದದಷ್ಟು ತೆಳ್ಳಗಾಗುತ್ತಿತ್ತು. ಹುಣಸೆಮರದ ಕೆಳಗೆ ಕೂತು ಲಾಳ ಕಟ್ಟುತ್ತಿದ್ದ ನಾಲಬಂದ್ ಸಾಬರು ನಮ್ಮ ಬೀದಿಯ ಎಲ್ಲ ಕುದುರೆಗಳ ಗೊರಸನ್ನೂ ಹೆಸರು ಹಿಡಿದು ಹೇಳಬಲ್ಲವರಾಗಿದ್ದರು. ಎತ್ತಿಗಾದರೆ ಹಗ್ಗ ಹಾಕಿ ಕೆಡವಿ ಲಾಳ ಕಟ್ಟುತ್ತಾರೆ, ಕುದುರೆ ನಿಂತೇ ಕಟ್ಟಿಸಿಕೊಳ್ಳಬೇಕು. ಅವರು ಕಾಲನ್ನು ತಮ್ಮ ತೊಡೆಯ ನಡುವೆ ಸಿಕ್ಕಿಸಿಕೊಂಡು, ಹಳೆಯ ಮೊಳೆಗಳ ಮಡಿಕೆ ಬಿಡಿಸಿ, ಇಕ್ಕಳದಿಂದ ಲಾಳ ಕಿತ್ತು, ಸತ್ತ ಗೊರಸು ಕೆತ್ತಿ, ಅರ ಹಾಕುತ್ತಿದ್ದರು. ಆಮೇಲೆ ಮೊಳೆ. ಗೊರಸಿನ ಅಂಗಾಲಿನಲ್ಲಿ ಗೋಡೆಗೂ ತಳಕ್ಕೂ ನಡುವೆ ಒಂದು ಬಿಳಿ ಗೆರೆ ಕಾಣುತ್ತದೆ. ಮೊಳೆ ಅದರ ಆಚೆಗೇ ಹೋಗಿ ಗೊರಸಿನ ಗೋಡೆಯಲ್ಲಿ ಹೊರಬರಬೇಕು, ಈಚೆಗೆ ಬಂದರೆ ಜೀವವಿರುವ ಭಾಗಕ್ಕೆ ಚುಚ್ಚುತ್ತದೆ. ಸಾಬರು ಅದನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ನೋಡುತ್ತಿದ್ದರು. ಗಟ್ಟಿ ಗೊರಸಿನಲ್ಲಿ ಮೊಳೆ ಇಳಿಯುವಾಗ ಸುತ್ತಿಗೆಯ ಸದ್ದು ಏಟಿನಿಂದ ಏಟಿಗೆ ಏರುತ್ತಾ ಹೋಗುತ್ತದೆ. ಸದ್ದು ಮಂದವಾಯಿತೋ, ಮೊಳೆ ಮೆತ್ತಗಿನ ಕಡೆ ತಿರುಗಿದೆ ಅಂತ ಅರ್ಥ. ತಕ್ಷಣ ‘ಹೂಂ’ ಅಂತ ನಿಲ್ಲಿಸಿ ಕಿತ್ತು ಬೇರೆ ಕಡೆ ಹೊಡೆಯುತ್ತಿದ್ದರು. ನನಗೆ ಆ ಸದ್ದಿನ ವ್ಯತ್ಯಾಸ ಅವರು ಕಲಿಸಿದ್ದು, ಇವತ್ತಿಗೂ ಲಾಳ ಕಟ್ಟುವಾಗ ನಾನು ಪಕ್ಕದಲ್ಲಿ ಮಾತಾಡದೆ ನಿಂತಿರುತ್ತೇನೆ.

ಆದರೆ ಅವರ ಕೆಲಸದಲ್ಲೂ ಒಂದು ಕೊರತೆ ಇತ್ತು. ಮೂರು ಅಳತೆಯ ಲಾಳಗಳು ಸಂತೆಯಿಂದ ಬರುತ್ತಿದ್ದವು, ಲಾಳಕ್ಕೆ ತಕ್ಕ ಹಾಗೆ ಗೊರಸನ್ನು ಅರೆಯುತ್ತಿದ್ದರು. ಈಗ ನಮ್ಮಲ್ಲಿಗೆ ಬರುವ ಹುಡುಗ ಗಾಡಿಯಲ್ಲೇ ಗ್ಯಾಸ್ ಕುಲುಮೆ, ಕಬ್ಬಿಣ ಬಡಿಯುವ ಅಡಿಗಲ್ಲು ಇಟ್ಟುಕೊಂಡು ಬರುತ್ತಾನೆ. ಗೊರಸಿಗೆ ತಕ್ಕ ಹಾಗೆ ಲಾಳವನ್ನು ಬಗ್ಗಿಸುತ್ತಾನೆ. ಅನುಮಾನವಿದ್ದರೆ ಎಕ್ಸ್‌ರೇ ತೆಗೆಸಿ ಒಳಗಿನ ಮೂಳೆಯ ಕೋನ ನೋಡಿ ಕತ್ತರಿಸುತ್ತಾನೆ. ಐದಾರು ವಾರಕ್ಕೊಮ್ಮೆ ಅವನ ಸರದಿ, ಅದು ತಪ್ಪಬಾರದು. ರೇಸಿನಿಂದ ಬಂದ ಕುದುರೆಗಳ ಪಾದದ ತಳ ತೆಳುವಾಗಿರುತ್ತದೆ, ಗೊರಸಿನ ಮುಂಭಾಗ ಉದ್ದ ಚಾಚಿರುತ್ತದೆ. ಮೇಲಿನ ಅಂಚಿನಿಂದ ಹೊಸ ಗೊರಸು ಬೆಳೆದು ನೆಲ ಮುಟ್ಟಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಅಷ್ಟು ಕಾಯುವ ತಾಳ್ಮೆ ಇದ್ದರೆ ಕೆಲವು ಕುದುರೆಗಳು ನಮ್ಮ ಮಣ್ಣು ನೆಲದಲ್ಲಿ ಲಾಳವಿಲ್ಲದೆಯೇ ಚೆನ್ನಾಗಿರುತ್ತವೆ.

ಲಸಿಕೆ, ರಕ್ತಪರೀಕ್ಷೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಅಲ್ಲಿ ಆಗ ಈಗ ಅನ್ನುವ ಚರ್ಚೆಯೇ ಇಲ್ಲ. ಮೊಳೆ ಚುಚ್ಚಿ ಧನುರ್ವಾಯು ಬಂದು ಮೈ ಮರದ ಹಲಗೆಯಂತೆ ಸೆಟೆದು ಸತ್ತ ಕುದುರೆಗಳನ್ನು ನೋಡಿದ್ದೇನೆ, ಈಗ ಕೆಲವು ರೂಪಾಯಿಯ ಲಸಿಕೆಯಿಂದ ಆ ಸಾವು ಇಲ್ಲವಾಗಿದೆ. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯನಿಗೂ ಹತ್ತುತ್ತದೆ, ಬಂದರೆ ಕುದುರೆಯನ್ನು ಉಳಿಸುವ ಹಾಗಿಲ್ಲ. ಹರಿಯಾಣದ ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಅದರ ರಕ್ತಪರೀಕ್ಷೆ ನಡೆಯುತ್ತದೆ. ಪರೀಕ್ಷೆಯ ಕಾಗದವಿಲ್ಲದ ಯಾವ ಕುದುರೆಯನ್ನೂ, ಎಂಥ ಸ್ನೇಹಿತರದಾದರೂ, ನನ್ನ ಗೇಟಿನೊಳಗೆ ಬಿಡುವುದಿಲ್ಲ.

ಇದರ ನಡುವೆ ಕುದುರೆಯ ಮೈಮೇಲಿನ ಕೂದಲ ಸುಳಿಯ ವಿಷಯ ಹೇಳಬೇಕು. ಅಪ್ಪನ ಕಾಲದಲ್ಲಿ ಕುದುರೆ ಕೊಳ್ಳುವುದೆಂದರೆ ಮೊದಲು ಹಲ್ಲು, ಆಮೇಲೆ ಸುಳಿ. ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ತಿಳಿವಳಿಕೆ ಇತ್ತು: ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲು ಬೀಳುತ್ತದೆ, ಮೂರೂವರೆಗೆ ಅದರ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದು, ಐದಕ್ಕೆ ಬಾಯಿ ಪೂರ್ತಿ. ಹತ್ತು ವರ್ಷದ ಹೊತ್ತಿಗೆ ಮೇಲಿನ ಮೂಲೆ ಹಲ್ಲಿನಲ್ಲಿ ಒಂದು ಗೀರು ಕಾಣಿಸಿಕೊಂಡು ಇಪ್ಪತ್ತರ ಹೊತ್ತಿಗೆ ಕೆಳತನಕ ಇಳಿಯುತ್ತದೆ. ಆ ಲೆಕ್ಕವನ್ನು ಈಗಿನ ಡಾಕ್ಟರುಗಳೂ ಬಳಸುತ್ತಾರೆ. ಸುಳಿಯದು ಮಾತ್ರ ಬೇರೆ ಕಥೆ. ಹಣೆಯಲ್ಲಿ ಎರಡು ಸುಳಿ ಇದ್ದರೆ ಹೀಗೆ, ಎದೆಯಲ್ಲಿದ್ದರೆ ಹಾಗೆ, ಇಂಥ ಕಡೆ ಇದ್ದರೆ ಯಜಮಾನನಿಗೇ ಕಂಟಕ. ಚೆನ್ನಾಗಿ ನಡೆಯುವ ಕುದುರೆಗಳನ್ನು ಸುಳಿ ಸರಿಯಿಲ್ಲ ಅಂತ ಅರ್ಧ ಬೆಲೆಗೆ ಬಿಟ್ಟವರಿದ್ದರು, ಅಂಥವನ್ನು ಜಾಣರು ಸುಮ್ಮನೆ ಕೊಂಡುಕೊಳ್ಳುತ್ತಿದ್ದರು. ತಮಾಷೆ ನೋಡಿ, ಇವತ್ತು ಕುದುರೆಗೆ ಪಾಸ್‌ಪೋರ್ಟ್ ಮಾಡಿಸುವಾಗ ಡಾಕ್ಟರು ಅದೇ ಸುಳಿಗಳನ್ನು ಹುಡುಕಿ ಹುಡುಕಿ, ಚಿತ್ರದ ಮೇಲೆ ಒಂದೊಂದಕ್ಕೂ ಗುರುತು ಹಾಕುತ್ತಾರೆ. ನಮ್ಮ ಬೆರಳಚ್ಚಿನ ಥರ ಅವು ಕುದುರೆಯಿಂದ ಕುದುರೆಗೆ ಬೇರೆ. ಜೊತೆಗೆ ಕುತ್ತಿಗೆಯಲ್ಲಿ ಮೈಕ್ರೋಚಿಪ್. ಮೊದಲ ಸಲ ಪಾಸ್‌ಪೋರ್ಟ್ ತೋರಿಸಿದಾಗ ಅಪ್ಪ ಬಹಳ ಹೊತ್ತು ಆ ಚಿತ್ರ ನೋಡಿ, ‘ಅಲ್ಲ ಕಣೋ, ಹಣೆ ಸುಳಿ ಹಾಕವ್ರೆ, ಫಲ ಬರ್ದೇ ಇಲ್ವಲ್ಲ’ ಅಂದಿದ್ದರು.

ಸವಾರಿಗೆ ಬರೋಣ. ನಮ್ಮ ಓಣಿಯ ಹುಡುಗರಿಗೆ ಯಾರೂ ಸವಾರಿ ಕಲಿಸಲಿಲ್ಲ. ಸಂಜೆ ಗಾಡಿ ಬಿಚ್ಚಿದ ಮೇಲೆ ಕುದುರೆಯನ್ನು ಕೆರೆಗೆ ಮೈತೊಳೆಯಲು ಕರೆದೊಯ್ಯಬೇಕು, ಹೋಗುವಾಗ ಬರಿ ಬೆನ್ನಿನ ಮೇಲೆ ಹತ್ತಿ ಕೂತರೆ ಅದೇ ಸವಾರಿ. ಜೀನು ಇಲ್ಲ, ಕಾಲಿಡಲು ರಿಕಾಪು ಇಲ್ಲ, ತಲೆಗೆ ಏನೂ ಇಲ್ಲ. ಅಪ್ಪ ಹೇಳುತ್ತಿದ್ದುದು ಒಂದೇ: ‘ಬೀಳೋ ಹಂಗಾದ್ರೆ ಜೂಲು ಹಿಡ್ಕೊ, ಲಗಾಮು ಹಿಡ್ಕೊಂಡು ಜೋತಾಡ್ಬೇಡ, ಅದ್ರ ಬಾಯಿ ಅದು.’ ಸಾವಿರಾರು ರೂಪಾಯಿ ಫೀಸು ತೆಗೆದುಕೊಂಡು ನಾನು ಮೊದಲ ದಿನ ಹೇಳಿಕೊಡುವುದೂ ಇದನ್ನೇ.

ಕ್ರಮವಾಗಿ ಕಲಿತದ್ದು ಬೆಂಗಳೂರಿನಲ್ಲಿ, ಸೈನ್ಯದಿಂದ ನಿವೃತ್ತರಾಗಿದ್ದ ಒಬ್ಬ ರಿಸಾಲ್ದಾರರಿಂದ. ನಮ್ಮ ಕಡೆ ಸವಾರಿಯ ವಿದ್ಯೆ ಉಳಿದದ್ದೇ ಸೈನ್ಯದಲ್ಲಿ. 1918ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾ ಪಟ್ಟಣ ಹಿಡಿದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಅಶ್ವದಳಗಳ ಕಥೆಯನ್ನು ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ 61ನೇ ಕ್ಯಾವಲ್ರಿ ಕಟ್ಟಿದಾಗ ಮೈಸೂರಿನ ಕುದುರೆ ಸವಾರರೂ ಅದಕ್ಕೆ ಸೇರಿದರು. ರಿಸಾಲ್ದಾರರ ಪಾಠ ಅದೇ ಧಾಟಿಯದು: ರಿಕಾಪು ಇಲ್ಲದೆ ಕುಕ್ಕುಲೋಟ, ತೊಡೆಯ ಚರ್ಮ ಕಿತ್ತು ಬರುವ ತನಕ. ಹಿಮ್ಮಡಿ ಕೆಳಗೆ, ಗದ್ದ ಮೇಲೆ, ಬಾಯಿ ಮುಚ್ಚು. ಕುದುರೆ ಹೆದರಿದರೆ ‘ಹೆದರಿಕೊಳ್ಳಲು ಬಿಡಬೇಡ’ ಅನ್ನುತ್ತಿದ್ದರು, ಯಾಕೆ ಹೆದರಿತು ಎನ್ನುವ ಪ್ರಶ್ನೆಗೆ ಅಲ್ಲಿ ಜಾಗ ಇರಲಿಲ್ಲ. ಆದರೂ ನನ್ನ ಕೂರುವ ಭಂಗಿ ಗಟ್ಟಿಯಾದದ್ದು ಅವರಿಂದಲೇ.

1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಮೂರು ಬಗೆಯ ಸವಾರಿ ಸೇರಿದ ಇವೆಂಟಿಂಗ್ ಸ್ಪರ್ಧೆಯ ಚಿನ್ನ ಗೆದ್ದ ರಘುಬೀರ್ ಸಿಂಗ್ ಸೈನಿಕರು. ಮುಂದೆ 2018ರಲ್ಲಿ ಜಕಾರ್ತದಲ್ಲಿ ಬೆಳ್ಳಿ ಗೆದ್ದ ಫೌವಾದ್ ಮಿರ್ಜಾ ಬೆಂಗಳೂರಿನ ಹುಡುಗ, ಕುದುರೆ ಡಾಕ್ಟರರ ಮಗ. ಟೋಕಿಯೋ ಒಲಿಂಪಿಕ್ಸ್‌ಗೂ ಹೋಗಿ 23ನೆಯವರಾದರು. ಅದಾದ ಮೇಲೆ ನಮ್ಮಂಥ ಸಣ್ಣ ಲಾಯಗಳಿಗೂ ಮಕ್ಕಳನ್ನು ಕರೆದುಕೊಂಡು ಬರುವವರು ಹೆಚ್ಚಿದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, ಸವಾರರ ಸೂಕ್ಷ್ಮ ಸೂಚನೆಗೆ ಕುದುರೆ ಹೆಜ್ಜೆ ಹಾಕುವ ಡ್ರೆಸಾಜ್ ಸ್ಪರ್ಧೆಯಲ್ಲಿ, ನಮ್ಮ ತಂಡ ಚಿನ್ನ ಗೆದ್ದಿತು, ನಾಲ್ವರಲ್ಲಿ ಇಬ್ಬರು ಹುಡುಗಿಯರು. ನನ್ನಲ್ಲಿ ಈಗ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ, ಬಾಲ್ಯದಲ್ಲಿ ನಮ್ಮ ಓಣಿಯ ಒಂದೂ ಹುಡುಗಿ ಕುದುರೆ ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ನಾನು ಕಲಿಸುವ ಕ್ರಮದಲ್ಲಿ ಮೊದಲ ಕೆಲವು ಪಾಠ ಕುದುರೆ ನನ್ನ ಕೈಯ ಉದ್ದ ಹಗ್ಗದಲ್ಲೇ ಸುತ್ತುತ್ತದೆ. ಮಗುವಿಗೆ ಹೆಲ್ಮೆಟ್ ಇರುತ್ತದೆ, ಕುದುರೆಯ ಕುತ್ತಿಗೆಗೆ ಹಿಡಿದುಕೊಳ್ಳಲು ಒಂದು ಪಟ್ಟಿ ಇರುತ್ತದೆ, ಲಗಾಮು ಇರುವುದಿಲ್ಲ. ಲಗಾಮು ಕೊಡುವ ಮೊದಲು ಒಂದು ಆಟ ಆಡಿಸುತ್ತೇನೆ. ಕುದುರೆಯ ಬಾಯೊಳಗೆ ಇಡುವ ಕಡಿವಾಣವನ್ನು ನನ್ನ ಎರಡು ಕೈಯಲ್ಲಿ ಹಿಡಿದು ನಾನು ಕುದುರೆಯಾಗುತ್ತೇನೆ, ಮಗು ಹಿಂದೆ ನಿಂತು ಲಗಾಮು ಹಿಡಿಯುತ್ತದೆ. ಎಡಕ್ಕೆ ತಿರುಗಿಸು ಅನ್ನುತ್ತೇನೆ. ಎಲ್ಲ ಮಕ್ಕಳೂ ಮೊದಲು ಜಗ್ಗುತ್ತಾರೆ. ಆಮೇಲೆ ಜಾಗ ಬದಲು: ಕಡಿವಾಣ ಮಗುವಿನ ಕೈಗೆ, ಲಗಾಮು ನನ್ನ ಕೈಗೆ. ಕಣ್ಣು ಮುಚ್ಚಿಸಿ, ಕಿರುಬೆರಳನ್ನು ಮಾತ್ರ ಮಡಚುತ್ತೇನೆ. ‘ಗೊತ್ತಾಯ್ತಾ?’ ‘ಗೊತ್ತಾಯ್ತು ಅಂಕಲ್.’ ಅಷ್ಟು ಸಾಕು ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇನೆ. ಒಂದು ತಿಂಗಳ ಬೈಗುಳಕ್ಕಿಂತ ಈ ಐದು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ.

ಈ ಆಟ ನನಗೆ ಹೊಳೆಯಲು ಕಾರಣ ಮುಳ್ಳು ಕಡಿವಾಣ. ನಮ್ಮ ಸ್ಟ್ಯಾಂಡಿನಲ್ಲೇ ಕೆಲವರು ಬಳಸುತ್ತಿದ್ದರು, ಪಕ್ಕದಲ್ಲಿ ಮೊನಚು ಮೂಡಿಸಿದ ಕಬ್ಬಿಣ. ಅದನ್ನು ಹಾಕಿಸಿಕೊಂಡ ಕುದುರೆಗಳ ತುಟಿಯ ಕೊನೆಯಲ್ಲಿ ಬಿಳಿ ಕೂದಲು ಬಂದು ಗಾಯದ ಗುರುತು ಹಾಗೇ ಉಳಿಯುತ್ತಿತ್ತು. ಹೊರೆ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲೇ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲಿ ಮುಳ್ಳಿನ ಕಡಿವಾಣ ನಿಷಿದ್ಧ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ, ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಗಾಡಿ ಕಟ್ಟುವ ಹಾಗಿಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಈ ನಿಯಮ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಸುಧಾರಿಸಿದ ಮೇಲೂ ದಿನಚರಿಯ ಮಾತನ್ನು ಯಾಕೆ ಎತ್ತಿದೆ ಅಂದರೆ, ರೇಸ್ ಲಾಯದಲ್ಲಿ ನಾನು ಮೊದಲ ಸಲ ತೂಗಾಡುವ ಕುದುರೆಯನ್ನು ನೋಡಿದೆ. ಬಾಗಿಲ ಮೇಲೆ ತಲೆ ಹಾಕಿ ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ, ಗಂಟೆಗಟ್ಟಲೆ. ಇನ್ನೊಂದು ಹಲ್ಲನ್ನು ಹಲಗೆಗೆ ಕಚ್ಚಿ ಗಾಳಿ ನುಂಗುತ್ತಿತ್ತು. ಟಾಂಗಾ ಕುದುರೆಗಳಲ್ಲಿ ನಾನು ಗಾಯ ನೋಡಿದ್ದೆ, ಹಸಿವು ನೋಡಿದ್ದೆ, ಇದನ್ನು ನೋಡಿರಲಿಲ್ಲ. ಅವು ಇಡೀ ದಿನ ಬೇರೆ ಕುದುರೆಗಳ ಪಕ್ಕ ನಿಂತಿರುತ್ತಿದ್ದವು, ಒಂದರ ಕುತ್ತಿಗೆ ಇನ್ನೊಂದು ಕೆರೆಯುತ್ತಿತ್ತು, ಊರೆಲ್ಲ ತಿರುಗುತ್ತಿದ್ದವು. ರೇಸ್ ಕುದುರೆ ಬೆಳಗ್ಗೆ ಒಂದು ಗಂಟೆ ಓಡಿ ಉಳಿದ ಹೊತ್ತೆಲ್ಲ ನಾಲ್ಕು ಗೋಡೆಯ ನಡುವೆ ಒಂಟಿ. ಒಳ್ಳೆಯ ಲಾಯ, ಫ್ಯಾನು, ರಬ್ಬರ್ ಹಾಸು ಎಲ್ಲ ಇದ್ದೂ ಒಂಟಿ.

ಹಾಗಾಗಿ ನನ್ನಲ್ಲಿ ಗೋಡೆಗಳು ಎದೆಮಟ್ಟ ಮಾತ್ರ, ಅದರ ಮೇಲೆ ಅಡ್ಡ ಪೈಪು. ಕುದುರೆಗಳು ಒಂದನ್ನೊಂದು ಮೂಸಬಹುದು. ದಿನಕ್ಕೆ ಕಡಿಮೆಯೆಂದರೆ ಐದಾರು ಗಂಟೆ ಜೋಡಿ ಜೋಡಿಯಾಗಿ ಬಯಲಿಗೆ ಬಿಡುತ್ತೇನೆ. ಹೊಸದಾಗಿ ಬಂದದ್ದನ್ನು ಒಂದೆರಡು ವಾರ ಬೇಲಿಯ ಆಚೆ ಈಚೆ ಇಟ್ಟು, ಹಿಂಗಾಲಿನ ಲಾಳ ತೆಗೆಸಿ, ಆಮೇಲೆಯೇ ಜೊತೆಗೆ ಬಿಡುವುದು. ಒದ್ದರೂ ಮೂಳೆ ಮುರಿಯಬಾರದು. ಬೆಳಗ್ಗೆ ಮೈದಾನಕ್ಕೆ ಇಳಿಸುವ ಮೊದಲು ಪ್ರತಿ ಕುದುರೆಗೂ ಹಳ್ಳಿಯ ದಾರಿಯಲ್ಲಿ ನಡಿಗೆ: ಟ್ರ್ಯಾಕ್ಟರು, ನಾಯಿ, ಹಾಲಿನ ಕ್ಯಾನು, ಒಣಗಲು ಹರವಿದ ರಾಗಿ. ರೇಸ್ ಕುದುರೆಗೆ ಇದೆಲ್ಲ ಹೊಸ ಜಗತ್ತು. ಮೊದಲು ಟಾರ್ಪಾಲಿನ್ ಕಂಡರೆ ಬೆವರುತ್ತವೆ. ಟಾಂಗಾದವರು ಎಳೆಯ ಕುದುರೆಯನ್ನು ಹಳೆಯ ಕುದುರೆಯ ಪಕ್ಕ ಕಟ್ಟಿ ಸಂತೆಯಲ್ಲಿ ನಡೆಸುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ. ಮೂರ್ನಾಲ್ಕು ತಿಂಗಳಲ್ಲಿ ತೂಗಾಟ ಕಡಿಮೆಯಾಗುತ್ತದೆ. ಗಾಳಿ ನುಂಗುವ ಚಟ ಮಾತ್ರ ಪೂರ್ತಿ ಹೋದದ್ದನ್ನು ನಾನು ನೋಡಿಲ್ಲ.

ಕೊನೆಗೆ ಮುಪ್ಪು. ಎಳೆಯಲಾಗದ ಟಾಂಗಾ ಕುದುರೆಯನ್ನು ಕೈ ಬದಲಿಸುತ್ತಿದ್ದರು, ಇನ್ನೂ ಬಡವನಿಗೆ, ಇನ್ನೂ ಸಣ್ಣ ಗಾಡಿಗೆ. ಕೊನೆಯಲ್ಲಿ ಯಾರೋ ರಾತ್ರೋರಾತ್ರಿ ಊರಾಚೆ ಬಿಟ್ಟು ಬರುತ್ತಿದ್ದರು. ಬಾದಲ್ ಕೂಡ ಹಾಗೆ ಕೈ ಬದಲಾದದ್ದೇ. ರೇಸ್ ಕುದುರೆಯ ಲೆಕ್ಕ ಇನ್ನೂ ವಿಚಿತ್ರ. ಎರಡು ವರ್ಷಕ್ಕೆ ಓಡಲು ಶುರು, ಐದಾರಕ್ಕೆ ನಿವೃತ್ತಿ, ಆಯಸ್ಸು ಇಪ್ಪತ್ತೈದು. ಉಳಿದ ಇಪ್ಪತ್ತು ವರ್ಷದ ಮೇವು ಯಾರದು? ವಾಸಿಯಾಗದ ನೋವಿದ್ದರೆ ಈಗ ಡಾಕ್ಟರು ಇಂಜೆಕ್ಷನ್ ಕೊಟ್ಟು ನೆಮ್ಮದಿಯಾಗಿ ಕಳಿಸಿಕೊಡುತ್ತಾರೆ, ಅದು ಊರಾಚೆ ಬಿಟ್ಟು ಬರುವುದಕ್ಕಿಂತ ಸಾವಿರ ಪಾಲು ಮೇಲು. ನೋವಿಲ್ಲದ, ಕೆಲಸಕ್ಕೂ ಬಾರದ ಕುದುರೆಯದೇ ಸಮಸ್ಯೆ.

‘ಸಾರ್, ಮಗಳು ಒಂದು ಕುದುರೆ ಬೇಕೇ ಬೇಕು ಅಂತಾಳೆ, ಒಳ್ಳೇದು ಇದ್ರೆ ಹೇಳಿ’ ಅಂತ ಪೋಷಕರು ಕೇಳಿದಾಗ ನಾನು ಮೊದಲು ಕುದುರೆ ತೋರಿಸುವುದಿಲ್ಲ. ಮೇವು, ಲಾಳ, ಡಾಕ್ಟರು, ಸೈಸ್ ಸಂಬಳ ಸೇರಿ ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ಕಡಿಮೆ ಆಗದು ಅಂತ ಬರೆದು ಕೊಡುತ್ತೇನೆ. ಮಗಳು ಕಾಲೇಜಿಗೆ ಬೇರೆ ಊರಿಗೆ ಹೋದ ಮೇಲೆ, ಕುದುರೆಗೆ ಹದಿನೆಂಟು ದಾಟಿದ ಮೇಲೆ, ಈ ಖರ್ಚು ಯಾರು ಕೊಡುತ್ತೀರಿ ಅಂತ ಅದೇ ಕಾಗದದಲ್ಲಿ ಕೇಳುತ್ತೇನೆ. ಜೊತೆಗೆ, ಮಳೆಗಾಲದಲ್ಲಿ ಒಂದು ವಾರ ಅಪ್ಪ, ಅಮ್ಮ, ಮಗಳು ಮೂವರೂ ಬೆಳಗ್ಗೆ ಐದಕ್ಕೆ ಬಂದು ಲದ್ದಿ ಎತ್ತಿ, ಖರಾರ ಹೊಡೆದು ಮೈ ಉಜ್ಜಿ, ಗೊರಸು ಕೆರೆದು ಹೋಗಬೇಕು. ಹೆಚ್ಚಿನವರು ಕೊಳ್ಳುವ ಯೋಚನೆ ಬಿಟ್ಟು, ವಾರಕ್ಕೆ ಮೂರು ದಿನ ಸವಾರಿ ಮಾಡಿ ಅರ್ಧ ಖರ್ಚು ಕೊಡುವ ಕರಾರಿಗೆ ಬರುತ್ತಾರೆ. ಇಬ್ಬರು ಮಕ್ಕಳು ಸೇರಿ ಒಂದು ಕುದುರೆ ನೋಡಿಕೊಂಡರೆ ಮೇವಿನ ಲೆಕ್ಕವೂ ತೂಗುತ್ತದೆ, ಕುದುರೆಗೂ ವಾರದಲ್ಲಿ ಒಂದು ದಿನ ರಜೆ ಸಿಗುತ್ತದೆ.